ಸರಾಸರಿ ವೇಗದ ಲೆಕ್ಕ: ಮಹಾವೀರಾಚಾರ್ಯನಿಂದ ಗೆಲಿಲಿಯೋವರೆಗೆ

60 ಕಿಲೋಮೀಟರು ದೂರದ ಊರಿಗೆ ಗಂಟೆಗೆ 30 ಕಿಲೋಮೀಟರಿನಂತೆ ಹೋಗಿ, 20 ಕಿಲೋಮೀಟರಿನಂತೆ ಹಿಂದಿರುಗಿದವನ ಸರಾಸರಿ ವೇಗವೆಷ್ಟು? 25 ಎಂಬ ಉತ್ತರ ತರಗತಿಗಳಲ್ಲಿ ನಮಗೆ ಚಿರಪರಿಚಿತವಾದುದು. ಆದರೆ ಒಟ್ಟು ದೂರ 120 ಕಿಲೋಮೀಟರು, ಒಟ್ಟು ಕಾಲ 5 ಗಂಟೆ. ಆದುದರಿಂದ ಸರಿಯಾದ ಉತ್ತರ 24. ವೇಗಗಳನ್ನು ಕೂಡಿ ಅರ್ಧಿಸುವುದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ಪ್ರಶ್ನೆಗೆ ದೀರ್ಘವಾದ ಇತಿಹಾಸವುಂಟು.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇಬ್ಬರು ಪಥಿಕರ ಲೆಕ್ಕವಿದೆ. ಒಬ್ಬನದು ಸಮವೇಗ, ಇನ್ನೊಬ್ಬನ ವೇಗ ಸಮಾಂತರ ಶ್ರೇಢಿಯಲ್ಲಿ ಏರತಕ್ಕದ್ದು. ಒಟ್ಟಿಗೆ ಹೊರಟ ಇವರು ಮತ್ತೆ ಕೂಡುವುದು ಎಂದಿಗೆ? ಸಮವೇಗದಿಂದ ಆದಿಯನ್ನು ಕಳೆದು, ಚಯದ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಿಸಬೇಕೆಂಬುದು ಆಚಾರ್ಯನ ಸೂತ್ರ. ನಾವೇ ಕಲ್ಪಿಸಿದ ಉದಾಹರಣೆಯೊಂದನ್ನು ನೋಡೋಣ. ಮೊದಲಿನವನು ದಿನಕ್ಕೆ 11 ಮೈಲಿ ನಡೆಯಲಿ. ಎರಡನೆಯವನು ಮೊದಲ ದಿನ 3 ಮೈಲಿ ನಡೆದು, ಮುಂದೆ ದಿನಕ್ಕೆ 2 ಮೈಲಿಯಂತೆ ಹೆಚ್ಚಿಸಲಿ. ಸೂತ್ರದಂತೆ 9 ದಿನಗಳಲ್ಲಿ ಇಬ್ಬರೂ 99 ಮೈಲಿ ನಡೆದಿರುತ್ತಾರೆ. ಎರಡನೆಯವನ ಮೊದಲ ದಿನದ ವೇಗ 3, ಕೊನೆಯ ದಿನದ್ದು 19. ಇವುಗಳ ಅರ್ಧಮೊತ್ತ 11. ನಡುವಣ ದಿನವಾದ ಐದನೆಯ ದಿನದ ವೇಗವೂ ಅದೇ. ಇಲ್ಲಿ ಅರ್ಧಿಸುವುದು ಸಲ್ಲುತ್ತದೆ. ಏಕೆಂದರೆ ವೇಗವು ಸಮನಾದ ಕಾಲಗಳಲ್ಲಿ ಸಮನಾಗಿ ಹೆಚ್ಚಿದೆ.

ಇದೇ ತತ್ತ್ವ 14ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರಲ್ಲಿ ಬೇರೊಂದು ರೂಪವನ್ನು ತಾಳಿತು. ಏಕರೀತಿಯಲ್ಲಿ ವೇಗ ಹೆಚ್ಚುವ ವಸ್ತುವು, ನಡುಗಾಲದ ವೇಗದಿಂದಲೇ ಸಮನಾಗಿ ಚಲಿಸಿದ ವಸ್ತುವಿನಷ್ಟೇ ದೂರ ಸಾಗುವುದೆಂದು ವಿಲಿಯಂ ಹೇಟ್ಸ್‌ಬರಿ 1335ರಲ್ಲಿ ಬರೆದನು. ಫ್ರಾನ್ಸಿನ ನಿಕೋಲ್ ಒರೆಮ್ ಇದನ್ನು ಚಿತ್ರದಿಂದ ಸಾಧಿಸಿದನು: ನಿಶ್ಚಲಸ್ಥಿತಿಯಿಂದ ಹೊರಟ ಚಲನೆ ತ್ರಿಭುಜವಾದರೆ, ಅರ್ಧ ಎತ್ತರದ ಆಯತವು ಅದಕ್ಕೆ ಸಮ. 1638ರ ಗ್ರಂಥದಲ್ಲಿ ಗೆಲಿಲಿಯೋ ಇದನ್ನೇ ಆಧಾರವಾಗಿರಿಸಿಕೊಂಡು, ಬೀಳುವ ವಸ್ತು ಸಾಗುವ ದೂರವು ಕಾಲದ ವರ್ಗಕ್ಕೆ ಅನುಗುಣವೆಂದು ತೋರಿಸಿದನು.

ಹಾಗೆಂದು ಮಹಾವೀರಾಚಾರ್ಯನು ಗೆಲಿಲಿಯೋನನ್ನು ಮುಂಗಂಡನೆಂದು ನಾವು ಹೇಳಲಾರೆವು. ಆತನ ಪಥಿಕನ ವೇಗ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಮರ್ಟನ್ ಪಂಡಿತರದು ಕ್ಷಣಕ್ಷಣಕ್ಕೂ ಮಾರ್ಪಡುವ ವೇಗ. ಸಾಮ್ಯವೊಂದರಿಂದಲೇ ಋಣವನ್ನು ಊಹಿಸುವುದೂ ಸಲ್ಲದು. ಆದರೆ ಸರಾಸರಿಯನ್ನು ಕಾಲದಿಂದ ತೂಗಬೇಕು, ದೂರದಿಂದಲ್ಲ ಎಂಬ ಪಾಠ ಎರಡರಲ್ಲಿಯೂ ಒಂದೇ. 25 ಎಂದು ಉತ್ತರಿಸುವ ವಿದ್ಯಾರ್ಥಿ ಮರೆಯುವುದು ಇದನ್ನೇ.