ಕಾರ್ ಆಂಪ್ಲಿಫೈಯರ್‌ನ ವಿದ್ಯುತ್ ತಂತಿ ಮತ್ತು ಫ್ಯೂಸ್ ಯೋಜನೆ

ಕಾರಿನಲ್ಲಿ ಪ್ರತ್ಯೇಕ ಆಡಿಯೊ ಆಂಪ್ಲಿಫೈಯರ್ ಅಳವಡಿಸುವ ಮೊದಲು ಅದಕ್ಕೆ ಬೇಕಾಗುವ ವಿದ್ಯುತ್ ಪ್ರವಾಹ, ತಂತಿಯ ದಪ್ಪ, ಫ್ಯೂಸಿನ ಸಾಮರ್ಥ್ಯ ಮತ್ತು ಚಾಸಿ ಸಂಪರ್ಕಗಳನ್ನು ಲೆಕ್ಕಹಾಕಿ ನಿರ್ಧರಿಸಲಾಗುತ್ತದೆ. ಕಾರಿನ ಬ್ಯಾಟರಿಯ ವಿಭವಾಂತರ ಕೇವಲ 12 ವೋಲ್ಟ್ ಆಗಿರುವುದರಿಂದ ಮುಟ್ಟಿದವರಿಗೆ ಸಾಮಾನ್ಯವಾಗಿ ಆಘಾತವಾಗುವುದಿಲ್ಲ. ಆದರೆ ಹ್ರಸ್ವ ಮಂಡಲ ಉಂಟಾದಾಗ ಅದೇ ಬ್ಯಾಟರಿಯಿಂದ ನೂರಾರು ಆಂಪಿಯರ್ ಪ್ರವಾಹ ಹರಿದು, ತಂತಿ ಕಾದು ವಾಹನಕ್ಕೆ ಬೆಂಕಿ ತಗಲಬಹುದು. ಈ ಅಪಾಯವನ್ನು ತಡೆಯುವುದೇ ಯೋಜನೆಯ ಮುಖ್ಯ ಉದ್ದೇಶ.

ಪ್ರವಾಹದ ಲೆಕ್ಕಾಚಾರ

ಆಂಪ್ಲಿಫೈಯರ್ ಪಡೆಯುವ ವಿದ್ಯುತ್ತಿನ ಒಂದು ಭಾಗ ಉಷ್ಣವಾಗಿ ನಷ್ಟವಾಗುತ್ತದೆ. ‘ಡಿ’ ವರ್ಗದ ಆಂಪ್ಲಿಫೈಯರ್‌ಗಳ ದಕ್ಷತೆ ಸುಮಾರು ಶೇ. 80, ‘ಎಬಿ’ ವರ್ಗದವುಗಳದು ಶೇ. 50ರಿಂದ 60ರಷ್ಟು. ಉದಾಹರಣೆಗೆ, 500 ವ್ಯಾಟ್ ಆರ್‌ಎಂಎಸ್ ಸಾಮರ್ಥ್ಯದ ‘ಡಿ’ ವರ್ಗದ ಆಂಪ್ಲಿಫೈಯರ್‌ಗೆ 625 ವ್ಯಾಟ್ ಒದಗಿಸಬೇಕು. ಎಂಜಿನ್ ಚಾಲನೆಯಲ್ಲಿರುವಾಗಿನ 13.8 ವೋಲ್ಟ್‌ನಿಂದ ಇದನ್ನು ಭಾಗಿಸಿದರೆ ಸುಮಾರು 45 ಆಂಪಿಯರ್ ದೊರೆಯುತ್ತದೆ. ಮನೆಯ 230 ವೋಲ್ಟ್ ಸಂಪರ್ಕದಲ್ಲಿ ಇಷ್ಟೇ ವ್ಯಾಟ್‌ಗೆ 3 ಆಂಪಿಯರ್‌ಗಿಂತಲೂ ಕಡಿಮೆ ಪ್ರವಾಹ ಸಾಕು. ಕಾರಿನಲ್ಲಿ ದಪ್ಪ ತಂತಿ ಬೇಕಾಗುವುದಕ್ಕೆ ಇದೇ ಕಾರಣ.

ತಂತಿಯ ಆಯ್ಕೆ

ತಂತಿ ಉದ್ದವಾದಷ್ಟೂ ರೋಧ ಹೆಚ್ಚುತ್ತದೆ, ದಪ್ಪವಾದಷ್ಟೂ ತಗ್ಗುತ್ತದೆ. ಗೇಜ್ ಪದ್ಧತಿಯಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 4 ಗೇಜ್ ತಂತಿಯ ಅಡ್ಡಛೇದ ಸುಮಾರು 21 ಚದರ ಮಿಲಿಮೀಟರ್. 8 ಗೇಜಿನದು ಸುಮಾರು 8.4. ಡಿಕ್ಕಿಯವರೆಗಿನ 5 ಮೀಟರ್ ಉದ್ದದ ತಾಮ್ರದ ತಂತಿಯಲ್ಲಿ 45 ಆಂಪಿಯರ್ ಹರಿದಾಗ 4 ಗೇಜಿನಲ್ಲಿ ಸುಮಾರು 0.18 ವೋಲ್ಟ್ ನಷ್ಟವಾದರೆ, 8 ಗೇಜಿನಲ್ಲಿ 0.46 ವೋಲ್ಟ್ ನಷ್ಟವಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ತಾಮ್ರಲೇಪಿತ ಅಲ್ಯೂಮಿನಿಯಂ ತಂತಿ ಇರುವುದುಂಟು. ಇದರ ವಾಹಕತೆ ಶುದ್ಧ ತಾಮ್ರಕ್ಕಿಂತ ಕಡಿಮೆಯಾದ್ದರಿಂದ ಇನ್ನೂ ದಪ್ಪನೆಯ ತಂತಿಯನ್ನು ಆರಿಸಬೇಕಾಗುತ್ತದೆ.

ಫ್ಯೂಸ್

ಆಂಪ್ಲಿಫೈಯರ್‌ನೊಳಗಿನ ಫ್ಯೂಸ್ ಆ ಉಪಕರಣವನ್ನು ರಕ್ಷಿಸುತ್ತದೆ. ಬ್ಯಾಟರಿಯ ಬಳಿಯ ಮುಖ್ಯ ಫ್ಯೂಸ್ ತಂತಿಯನ್ನು ರಕ್ಷಿಸುತ್ತದೆ. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು. ಬ್ಯಾಟರಿಗೂ ಮುಖ್ಯ ಫ್ಯೂಸಿಗೂ ನಡುವಿನ ತಂತಿಗೆ ಯಾವ ರಕ್ಷಣೆಯೂ ಇಲ್ಲದಿರುವುದರಿಂದ, ಫ್ಯೂಸನ್ನು ಧನ ಧ್ರುವದಿಂದ ಸುಮಾರು 45 ಸೆಂಟಿಮೀಟರ್ ಒಳಗೆ ಕೂರಿಸುವುದು ರೂಢಿ.

ಮುಖ್ಯ ಫ್ಯೂಸಿನ ಸಾಮರ್ಥ್ಯ ಉಪಕರಣದ ಅಗತ್ಯಕ್ಕಿಂತ ಕಡಿಮೆಯಿರಬಾರದು, ತಂತಿ ತಾಳಬಲ್ಲ ಪ್ರವಾಹವನ್ನು ಮೀರಲೂಬಾರದು. ಆಂಪ್ಲಿಫೈಯರ್‌ನಲ್ಲಿ 30 ಆಂಪಿಯರ್‌ನ ಎರಡು ಫ್ಯೂಸ್‌ಗಳಿದ್ದರೆ, 4 ಗೇಜ್ ತಾಮ್ರದ ತಂತಿಗೆ 60 ಆಂಪಿಯರ್‌ನ ಮುಖ್ಯ ಫ್ಯೂಸ್ ಹೊಂದುತ್ತದೆ. ದಪ್ಪ ತಂತಿಯಿಂದ ಸಣ್ಣ ತಂತಿಗಳು ಕವಲೊಡೆಯುವಲ್ಲಿ ಪ್ರತಿ ಕವಲಿಗೂ ತಕ್ಕ ಫ್ಯೂಸ್ ಬೇಕು. ಸುಟ್ಟ ಫ್ಯೂಸಿನ ಜಾಗದಲ್ಲಿ ದೊಡ್ಡ ಫ್ಯೂಸ್ ಹಾಕುವುದು ಅಥವಾ ತಾಮ್ರದ ಎಳೆ ಸುತ್ತುವುದು ರಕ್ಷಣೆಯನ್ನೇ ಇಲ್ಲವಾಗಿಸುತ್ತದೆ.

ಚಾಸಿ ಸಂಪರ್ಕ ಮತ್ತು ಅಳವಡಿಕೆ

ಋಣ ತಂತಿಯು ಧನ ತಂತಿಯಷ್ಟೇ ದಪ್ಪವಾಗಿದ್ದು, ಆದಷ್ಟು ಗಿಡ್ಡವಾಗಿರಬೇಕು. ಬಣ್ಣ ಕೆರೆದು ತೆಗೆದ ಲೋಹದ ಮೈಗೆ ಅದನ್ನು ಬೋಲ್ಟಿನಿಂದ ಬಿಗಿಯಬೇಕು. ಸಡಿಲವಾದ ಜೋಡಣೆಯಲ್ಲಿ ರೋಧ ಹೆಚ್ಚಿ ಶಾಖ ಉಂಟಾಗುತ್ತದೆ. ಎಂಜಿನ್ ಕೋಣೆಯ ತಗಡಿನ ಗೋಡೆಯನ್ನು ತಂತಿ ಹಾಯುವ ರಂಧ್ರಕ್ಕೆ ರಬ್ಬರ್ ಬಳೆ ತೊಡಿಸದಿದ್ದರೆ, ವಾಹನದ ಕಂಪನಕ್ಕೆ ಹೊದಿಕೆ ಸವೆದು ಹ್ರಸ್ವ ಮಂಡಲ ಉಂಟಾಗುತ್ತದೆ. ಧ್ವನಿ ಸಂಕೇತದ ತಂತಿಗಳನ್ನು ವಿದ್ಯುತ್ ತಂತಿಯಿಂದ ದೂರವಿರಿಸಿದರೆ ಗುಂಯ್‌ಗುಡುವ ಸದ್ದು ತಗ್ಗುತ್ತದೆ.

ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ಋಣ ಧ್ರುವದ ತಂತಿಯನ್ನು ಕಳಚಲಾಗುತ್ತದೆ. ಎಲ್ಲ ಜೋಡಣೆಗಳೂ ಮುಗಿದ ನಂತರವೇ ಮುಖ್ಯ ಫ್ಯೂಸನ್ನು ಕೂರಿಸಿ, ಋಣ ತಂತಿಯನ್ನು ಕೊನೆಯದಾಗಿ ಮರುಜೋಡಿಸಲಾಗುತ್ತದೆ.

ಆಲ್ಟರ್ನೇಟರ್‌ನ ಮಿತಿ

ದೀಪ, ಹವಾನಿಯಂತ್ರಣ ಮೊದಲಾದವುಗಳಿಗೆ ಬಳಕೆಯಾಗಿ ಉಳಿದ ಪ್ರವಾಹವಷ್ಟೇ ಆಂಪ್ಲಿಫೈಯರ್‌ಗೆ ಲಭ್ಯ. ಬೇಡಿಕೆ ಸತತವಾಗಿ ಇದನ್ನು ಮೀರಿದರೆ ಬ್ಯಾಟರಿ ಬರಿದಾಗತೊಡಗುತ್ತದೆ. ಕೆಪಾಸಿಟರ್ ಕ್ಷಣಿಕ ಏರುಪೇರುಗಳನ್ನು ತಗ್ಗಿಸಬಲ್ಲದೇ ಹೊರತು ಈ ಕೊರತೆಯನ್ನು ತುಂಬಲಾರದು.