ಮೂಟೆಯ ಲೆಕ್ಕ, ಪುಟದ ಲೆಕ್ಕ

ಕೃಷ್ಣರಾಜ ಮಾರುಕಟ್ಟೆಯ ಹಮಾಲರಿಗೆ ತಿಂಗಳ ಸಂಬಳವಿಲ್ಲ. ಎಲ್ಲವೂ ಮೂಟೆಯ ಲೆಕ್ಕ. ನಸುಕಿನಲ್ಲಿ ಲಾರಿಯಿಂದ ಎಷ್ಟು ಮೂಟೆ ಇಳಿಸಿದರೋ ಅಷ್ಟು ಕೂಲಿ. ಲಾರಿ ಬಾರದಿದ್ದರೆ ಕೂಲಿಯಿಲ್ಲ, ಬೆನ್ನುನೋವೆಂದು ಮಲಗಿದರೂ ಇಲ್ಲ. ಹೂವಿನ ಅಂಗಡಿಗಳ ಫೋಟೊ ತೆಗೆಯಲು ಒಮ್ಮೆ ಅಲ್ಲಿಗೆ ಹೋಗಿದ್ದಾಗ, ಚಹಾ ಕುಡಿಯುತ್ತ ಕುಳಿತಿದ್ದ ಹಿರಿಯ ಹಮಾಲರೊಬ್ಬರು ನನ್ನ ಕೆಲಸವೇನೆಂದು ವಿಚಾರಿಸಿದರು. ಕತೆ ಬರೆಯುತ್ತೇನೆ, ಪತ್ರಿಕೆಗಳಿಗೆ ಲೇಖನ ಬರೆಯುತ್ತೇನೆ, ಫೋಟೊ ತೆಗೆಯುತ್ತೇನೆ, ಉರ್ದುವಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ, ಅಂತರ್ಜಾಲದ ಪತ್ರಿಕೆಗಳಿಗೂ ಬರೆದುಕೊಡುತ್ತೇನೆ ಎಂದೆ. ತಿಂಗಳಿಗೆ ಎಷ್ಟು ಸಿಗುತ್ತದೆ ಎಂದು ಕೇಳಿದರು. ತಿಂಗಳ ಲೆಕ್ಕವಿಲ್ಲ, ಪುಟಕ್ಕಿಷ್ಟು, ಪಟಕ್ಕಿಷ್ಟು ಎಂದೆ. "ತೋ ಹಮಾರೇಚ್ ಆದ್ಮಿ ಹೈಂ ಆಪ್" ಎಂದು ನಕ್ಕು, ಮೂಟೆಯ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟರು.

ಅವರ ಮಾತು ತಮಾಷೆಯದ್ದೇ ಆದರೂ ನನ್ನನ್ನು ಬಹಳ ದಿನ ಕಾಡಿತು. ನಮ್ಮ ದುಡಿಮೆಗೆ ಇಂಗ್ಲಿಷಿನಲ್ಲಿ ಫ್ರೀಲಾನ್ಸ್ ಎಂಬ ಹೆಸರಿದೆ. ಹಣ ಕೊಟ್ಟವರ ಪರವಾಗಿ ಈಟಿ ಹಿಡಿದು ಹೋರಾಡುವ ಬಾಡಿಗೆ ಸೈನಿಕ ಎಂಬರ್ಥದಲ್ಲಿ ಈ ಮಾತನ್ನು ಪ್ರಚಾರಕ್ಕೆ ತಂದದ್ದು ವಾಲ್ಟರ್ ಸ್ಕಾಟ್ 1819ರಲ್ಲಿ ಪ್ರಕಟಿಸಿದ 'ಐವಾನ್‌ಹೋ' ಕಾದಂಬರಿ. ಕನ್ನಡದಲ್ಲಿ ನಾವು 'ಹವ್ಯಾಸಿ ಬರಹಗಾರ' ಎನ್ನುತ್ತೇವೆ. ಒಂದು ಭಾಷೆಯಲ್ಲಿ ಬಾಡಿಗೆ ಬಂಟ, ಇನ್ನೊಂದರಲ್ಲಿ ಬಿಡುವಿನ ವೇಳೆಯ ಶೋಕಿದಾರ. ಇದು ಒಲೆ ಉರಿಸುವ ದುಡಿಮೆ ಎಂಬುದನ್ನು ಎರಡು ಹೆಸರೂ ಹೇಳುವುದಿಲ್ಲ. ಹೆಸರೇ ಸರಿಯಿಲ್ಲದ ಈ ಕಸುಬಿಗೆ ನಮ್ಮ ಊರಿನಲ್ಲಿ ದೊಡ್ಡ ಚರಿತ್ರೆಯಿದೆ. ಅದರ ಕೆಲವು ಹೆಜ್ಜೆಗಳು ಈ ಮಾರುಕಟ್ಟೆಯ ಆಸುಪಾಸಿನಲ್ಲಿಯೇ ಇವೆ.

ಮಾರುಕಟ್ಟೆ ಇರುವ ಜಾಗ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆ. ಒಂದು ಬದಿಗೆ ಕೋಟೆ, ಇನ್ನೊಂದು ಬದಿಗೆ ಪೇಟೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಈ ಕೋಟೆಯನ್ನು ಹಿಡಿದದ್ದು ಇಲ್ಲಿಯೇ. 1928ರಲ್ಲಿ ಎದ್ದ ಮಾರುಕಟ್ಟೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಬಂತು. ಬಡಗಣ ಬದಿಯ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ಅಂಗಡಿಗಳು, ಚಿಕ್ಕಪೇಟೆ ಬಳೇಪೇಟೆಗಳಲ್ಲಿ ಪ್ರಕಾಶಕರು ಮತ್ತು ಮುದ್ರಣಾಲಯಗಳು, ತೆಂಕಣ ಬದಿಯ ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು. ಇಷ್ಟರ ನಡುವೆ, ಸಂಬಳವಿಲ್ಲದೆ ಅಕ್ಷರದಿಂದಲೇ ಅನ್ನ ಕಾಣಲು ಹೊರಟವರು ಓಡಾಡಿದ್ದಾರೆ.

ಅವರಲ್ಲಿ ಮೊದಲು ನೆನಪಾಗುವವರು ಡಿ.ವಿ. ಗುಂಡಪ್ಪ. ನಮ್ಮ ಮನಸ್ಸಿನಲ್ಲಿ ಡಿವಿಜಿ ಎಂದರೆ ಪೇಟ ಧರಿಸಿದ ಋಷಿಯ ಚಿತ್ರ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಆ ಹುಡುಗ ಮೆಟ್ರಿಕ್ಯುಲೇಷನ್ ದಾಟಲಾಗದೆ ಕೆಲಸ ಹುಡುಕುತ್ತ ಅಲೆದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆ, ಬೆಂಗಳೂರಿನಲ್ಲಿ ಜಟಕಾ ಬಂಡಿಗಳಿಗೆ ಬಣ್ಣ ಬಳಿಯುವ ಅಂಗಡಿ, ಆಮೇಲೆ ಪತ್ರಿಕೆ. ಬಣ್ಣದ ಅಂಗಡಿಯಿಂದ ಪತ್ರಿಕೆಗೆ ಬಂದವರಿಗೆ ಅಲ್ಲಿಯೂ ನೆಲೆ ಗಟ್ಟಿಯಿರಲಿಲ್ಲ. 1908ರಲ್ಲಿ ಮೈಸೂರು ಸರ್ಕಾರ ವೃತ್ತಪತ್ರಿಕೆಗಳನ್ನು ಹತ್ತಿಕ್ಕುವ ಶಾಸನ ತಂದಿತು. ಅದನ್ನು ಪ್ರತಿಭಟಿಸಿ 'ತಾತಯ್ಯ' ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಪತ್ರಿಕೆ ನಿಂತರೆ ಬರೆಯುವವನ ಕೂಲಿಯೂ ನಿಲ್ಲುತ್ತದೆ. ಅಂಥ ಕಾಲದಲ್ಲಿ ಡಿವಿಜಿ ಲೇಖನ ಬರೆದರು, ಅನುವಾದ ಮಾಡಿದರು, ದಿವಾನ್ ರಂಗಾಚಾರ್ಲು ಅವರ ಚರಿತ್ರೆ ಬರೆದರು, ತಾವೇ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಹೊರಡಿಸಿದರು. ಅದು 1921ರಲ್ಲಿ ನಿಂತಿತು.

ಬೆಲೆಬಾಳುವ ಪದವಿ ಇಲ್ಲದ ಮನುಷ್ಯನಿಗೆ ಆಸರೆಯಾದದ್ದು ಒಂದೇ ಕಸುಬಿಗೆ ಅಂಟಿಕೊಳ್ಳದ ಗುಣ. ಪದ್ಯ, ಜೀವನಚರಿತ್ರೆ, ರಾಜ್ಯಶಾಸ್ತ್ರ, ಪತ್ರಿಕಾ ಬರಹ, ಎಲ್ಲವೂ ಅವರ ಕೈಯಲ್ಲಿದ್ದವು. ಪಾರಸಿಯ ಉಮರ್ ಖಯ್ಯಾಮನನ್ನು 'ಉಮರನ ಒಸಗೆ' ಎಂದು ಕನ್ನಡದ ಮನೆಗೆ ಕರೆತಂದವರೂ ಅವರೇ. 1945ರಲ್ಲಿ ಅವರು ಬಸವನಗುಡಿ ಕಡೆಗೆ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ಜನ ಸೇರಿ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದಾಗ ಅದನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಸಾಮಾನ್ಯವಾಗಿ ಇದನ್ನು ತ್ಯಾಗವೆಂದು ಹೊಗಳುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಯಾರ ನೌಕರನೂ ಆಗದೆ ಬದುಕಿದವನಿಗೆ, ಒಂಟಿಯಾಗಿ ನಿಂತವನ ಕಾಲು ಎಷ್ಟು ನಡುಗುತ್ತದೆ ಎಂಬುದು ತಿಳಿದಿರುತ್ತದೆ. ಆತ ತನಗಾಗಿ ಅಲ್ಲದಿದ್ದರೂ ತನ್ನ ನಂತರದವರಿಗಾಗಿ ಒಂದು ಜಗಲಿ ಕಟ್ಟಲು ನೋಡುತ್ತಾನೆ.

ಡಿವಿಜಿಯವರ ನಂತರದ ತಲೆಮಾರಿನ ಅ.ನ. ಕೃಷ್ಣರಾಯರದು ಬೇರೆ ದಾರಿ. ಲೇಖನಿಯಿಂದಲೇ ಸಂಸಾರ ಸಾಗಿಸುತ್ತೇನೆಂದು ಹೊರಟ ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅಷ್ಟು ಬರೆಯಬಾರದಿತ್ತೆಂದು ಹೇಳುವ ವಿಮರ್ಶಕರು ಇಂದಿಗೂ ಇದ್ದಾರೆ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪುಟದ ಲೆಕ್ಕದಲ್ಲಿ ಬದುಕುವವನಿಗೆ 'ಕಡಿಮೆ ಬರೆ' ಎನ್ನುವುದು ಹಮಾಲನಿಗೆ 'ಕಡಿಮೆ ಮೂಟೆ ಹೊರು' ಎಂದಂತೆ.

ಈ ಚರಿತ್ರೆಯಲ್ಲಿ ಹೆಸರೇ ಉಳಿಯದ ಜನರೂ ಇದ್ದಾರೆ. ನಾನು ಉರ್ದು ಶಾಲೆಗೆ ಹೋಗುತ್ತಿದ್ದಾಗ ನಮ್ಮ ಬೀದಿಯಲ್ಲೊಬ್ಬ ಕಾತಿಬ್ ಸಾಹೇಬರಿದ್ದರು. ಉರ್ದುವಿನ ನಸ್ತಾಲೀಕ್ ಲಿಪಿ ಓರೆಯಾಗಿ ಇಳಿಯುತ್ತದೆ. ಒಂದೇ ಅಕ್ಷರ ಅಕ್ಕಪಕ್ಕದ ನೆರೆಯವರನ್ನು ನೋಡಿ ರೂಪ ಬದಲಿಸುತ್ತದೆ. ಸೀಸದ ಮೊಳೆಗಳಿಗೆ ಅದು ಒಗ್ಗಲಿಲ್ಲ. ಹೀಗಾಗಿ ಕನ್ನಡ ಪತ್ರಿಕೆಗಳು ಮೊಳೆ ಜೋಡಿಸಿ ಅಚ್ಚಾಗುತ್ತಿದ್ದಾಗಲೂ ಉರ್ದು ಪತ್ರಿಕೆಯ ಪ್ರತಿ ಸಾಲನ್ನು ಯಾರೋ ಒಬ್ಬರು ಕೈಯಲ್ಲಿ ಬರೆಯಬೇಕಿತ್ತು. ಕಾತಿಬ್ ಸಾಹೇಬರು ನೆಲದ ಮೇಲೆ ಕುಳಿತು, ಒಂದು ಮೊಣಕಾಲೆತ್ತಿ ಅದರ ಮೇಲೆ ಹಲಗೆಯಿಟ್ಟು, ಬಿದಿರಿನ ಖಲಮಿನಲ್ಲಿ ಬರೆಯುತ್ತಿದ್ದರು. ಬೆಳಿಗ್ಗೆ ಪತ್ರಿಕೆಯ ಪುಟ, ಮಧ್ಯಾಹ್ನ ಮದುವೆಯ ರುಖ್ಖಾ, ಸಂಜೆ ಅಂಗಡಿಯ ಬೋರ್ಡು. ಬೆಂಗಳೂರಿನಿಂದ 1959ರಲ್ಲಿ ಮಹಮೂದ್ ಅಯಾಜ್ ಆರಂಭಿಸಿದ 'ಸೌಗಾತ್' ಪತ್ರಿಕೆಯನ್ನು ಉರ್ದು ಸಾಹಿತ್ಯಲೋಕ ಇಂದಿಗೂ ನೆನೆಯುತ್ತದೆ. ಅಂಥ ಪುಟಗಳ ಹಿಂದೆ ಬಾಗಿದ ಬೆನ್ನುಗಳನ್ನು ಯಾರು ನೆನೆಯುತ್ತಾರೆ?

1981ರಲ್ಲಿ ಲಾಹೋರಿನಲ್ಲಿ 'ಜಂಗ್' ಪತ್ರಿಕೆ ಯಂತ್ರದ ನಸ್ತಾಲೀಕಿನಲ್ಲಿ ಬಂತು. ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಅಕ್ಷರಕೂಟಗಳನ್ನು ಒಂದೊಂದಾಗಿ ಬರೆದು ಆ ಲಿಪಿಯನ್ನು ಸಿದ್ಧಪಡಿಸಿದ್ದರು. 1994ರಲ್ಲಿ ದೆಹಲಿಯ ಕಂಪನಿಯೊಂದು ಇನ್‌ಪೇಜ್ ತಂತ್ರಾಂಶ ತಂದಿತು. ಕೆಲವೇ ವರ್ಷಗಳಲ್ಲಿ ನಮ್ಮ ಬೀದಿಯ ಹಲಗೆಯೂ ಮೂಲೆ ಸೇರಿತು. ಕಾತಿಬ್ ಸಾಹೇಬರು ಕೊನೆಗಾಲದಲ್ಲಿ ಮದುವೆಯ ಪತ್ರಿಕೆಗಳಿಗೆ 'ಬಿಸ್ಮಿಲ್ಲಾ' ಮಾತ್ರ ಬರೆದುಕೊಡುತ್ತಿದ್ದರು. ಅವರಿಗೆ ಪಿಂಚಣಿಯಿರಲಿಲ್ಲ, ಏಕೆಂದರೆ ಅವರು ಎಲ್ಲರ ಕೆಲಸ ಮಾಡಿದ್ದರೂ ಯಾರ ನೌಕರರೂ ಆಗಿರಲಿಲ್ಲ.

ಕ್ಯಾಮೆರಾ ಹಿಡಿದವರ ಪೈಕಿ ಈ ದಾರಿಯಲ್ಲಿ ಬಹುದೂರ ನಡೆದವರು ಟಿ.ಎಸ್. ಸತ್ಯನ್. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸತ್ಯನ್ 1948ರಲ್ಲಿ, ಆಗಷ್ಟೇ ಆರಂಭವಾಗಿದ್ದ 'ಡೆಕ್ಕನ್ ಹೆರಾಲ್ಡ್' ಸೇರಿ ಬೆಂಗಳೂರಿಗೆ ಬಂದರು. ಆಗ ಅದರ ಸಂಪಾದಕರು ಪೋತನ್ ಜೋಸೆಫ್. ಅಲ್ಲಿಂದ ಮುಂಬಯಿಯ 'ಇಲಸ್ಟ್ರೇಟೆಡ್ ವೀಕ್ಲಿ'. ಆಮೇಲೆ ಸಂಬಳದ ನೌಕರಿ ಬಿಟ್ಟು ಸ್ವತಂತ್ರರಾದರು. 'ಲೈಫ್'ನಂಥ ಪತ್ರಿಕೆಗಳಿಗೆ ದುಡಿದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ, ಯುನಿಸೆಫ್‌ಗಾಗಿ ಹಳ್ಳಿಹಳ್ಳಿ ಸುತ್ತಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. 1977ರಲ್ಲಿ ಪದ್ಮಶ್ರೀ ಬಂದಿತ್ತು. 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಸತ್ಯನ್ ಬರೀ ಛಾಯಾಗ್ರಾಹಕರಲ್ಲ, ಬರಹಗಾರರು ಕೂಡ. ಅವರ ಆತ್ಮಕತೆ ಇಂಗ್ಲಿಷಿನಲ್ಲೂ, 'ಕಾಲಕ್ಕೆ ಕನ್ನಡಿ' ಎಂಬ ಹೆಸರಿನಲ್ಲಿ ಕನ್ನಡದಲ್ಲೂ ಇದೆ. ಅವರ ಕಾಲದ ಲೆಕ್ಕ ಹೇಗಿತ್ತೆಂದು ಇಂದಿನ ಹುಡುಗರಿಗೆ ಹೇಳಬೇಕು. ಆ ದಿನಗಳ ರೋಲಿಫ್ಲೆಕ್ಸ್ ಕ್ಯಾಮೆರಾದ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಫಿಲ್ಮಿಗೂ ದುಡ್ಡು, ತೊಳೆಯುವುದಕ್ಕೂ ದುಡ್ಡು. ಸಂಬಳವಿಲ್ಲದವನು ಒಮ್ಮೆ ಗುಂಡಿ ಒತ್ತಿದರೆ ತನ್ನ ಜೇಬಿನಿಂದಲೇ ಒತ್ತಿದಂತೆ. ಬಡವರ ಮಗುವಿನ ಮುಂದೆ ಕ್ಯಾಮೆರಾ ಹಿಡಿದು ಕಾಯುವ ತಾಳ್ಮೆ ಸತ್ಯನ್ ಚಿತ್ರಗಳಲ್ಲಿ ಕಾಣುತ್ತದೆ. ಅದು ಅವರ ಸ್ವಭಾವದಿಂದ ಬಂದದ್ದು, ನಿಜ. ಆ ಹನ್ನೆರಡು ಚಿತ್ರಗಳ ಲೆಕ್ಕವೂ ಅದನ್ನು ಸ್ವಲ್ಪ ಕಲಿಸಿರಬೇಕು.

ನನ್ನ ತಲೆಮಾರಿಗೆ ಅಂತರ್ಜಾಲ ಬಂತು. 1996ರಲ್ಲಿ ಯು.ಬಿ. ಪವನಜ ಅವರ 'ವಿಶ್ವಕನ್ನಡ' ಆರಂಭವಾದಾಗ ಕನ್ನಡಕ್ಕೆ ಮೊದಲ ಜಾಲಪತ್ರಿಕೆ ದೊರಕಿತು. 1998ರಲ್ಲಿ 'ಬರಹ' ತಂತ್ರಾಂಶ ಬಂತು. ಮಾರುಕಟ್ಟೆಯಿಂದ ನಡೆದುಹೋಗುವಷ್ಟು ದೂರದ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಜೋಡಿಸಿದ ಕಂಪ್ಯೂಟರೊಂದನ್ನು ಸಾಲ ಮಾಡಿ ಕೊಂಡು ನಾನು ಕನ್ನಡ ಟೈಪಿಸಲು ಕಲಿತೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಹನ್ನೆರಡರ ಲೆಕ್ಕವೂ ಮುಗಿಯಿತು. ಬರೆಯಲು, ತೋರಿಸಲು ಯಾರ ಅಪ್ಪಣೆಯೂ ಬೇಡವಾಯಿತು. ಮುಸ್ಲಿಮ್ ಮನೆಗಳ ಒಳಗಿನ ಕನ್ನಡ, ಕರಾವಳಿಯ ಬ್ಯಾರಿ ಬದುಕು, ಗಲ್ಫಿನಿಂದ ಬರೆದ ಕತೆಗಳು ಆ ಬಾಗಿಲಿನಿಂದಲೂ ಒಳಗೆ ಬಂದವು. ಇದು ಸಣ್ಣ ಲಾಭವಲ್ಲ.

ಆದರೆ ಬಾಗಿಲು ಅಗಲವಾದಷ್ಟೂ ಕೂಲಿ ಕಿರಿದಾಯಿತು. ಒಂದು ಮುಂಜಾನೆ ಮಾರುಕಟ್ಟೆಯಲ್ಲಿ ಸೇವಂತಿಗೆ ರಾಶಿಯ ನಡುವೆ ನಿದ್ದೆಹೋದ ಹುಡುಗನೊಬ್ಬನ ಚಿತ್ರ ತೆಗೆದಿದ್ದೆ. ಅದು ನನ್ನ ಹೆಸರಿಲ್ಲದೆ ಎಲ್ಲೆಲ್ಲೋ ಓಡಾಡಿತು. ಕೊನೆಗೆ ಒಂದು ಪತ್ರಿಕೆಯಲ್ಲಿ 'ಚಿತ್ರಕೃಪೆ: ಅಂತರ್ಜಾಲ' ಎಂಬ ಅಡಿಬರಹದೊಂದಿಗೆ ಅಚ್ಚಾಯಿತು. ಅಂತರ್ಜಾಲ ಎಂಬ ಆಸಾಮಿ ನಸುಕಿನ ನಾಲ್ಕಕ್ಕೆ ಎದ್ದು ಮಾರುಕಟ್ಟೆಗೆ ಹೋದದ್ದನ್ನು ನಾನಂತೂ ಕಂಡಿಲ್ಲ.

ಆಗ ಕಾನೂನು ಓದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ವಿಚಿತ್ರವಿದೆ. ನೌಕರನಲ್ಲದ ಲೇಖಕನಿಂದ ಪತ್ರಿಕೆ ಲೇಖನ ಬರೆಸಿಕೊಂಡರೆ, ಬೇರೆ ಕರಾರು ಇಲ್ಲದಿದ್ದಲ್ಲಿ ಅದರ ಹಕ್ಕು ಲೇಖಕನದೇ. ಅದೇ ಮನುಷ್ಯನಿಗೆ ಹಣ ಕೊಟ್ಟು ಫೋಟೊ ತೆಗೆಸಿದರೆ, ಕರಾರು ಇಲ್ಲದಿದ್ದಲ್ಲಿ ಹಕ್ಕು ತೆಗೆಸಿದವನದು. ಒಂದೇ ದಿನ, ಒಂದೇ ಕೈ, ಎರಡು ನ್ಯಾಯ. ತಾನಾಗಿ ತೆಗೆದ ಚಿತ್ರವಾದರೆ ಹಕ್ಕು ತೆಗೆದವನಲ್ಲೇ ಉಳಿಯುತ್ತದೆ. ಹಕ್ಕು ಮಾರಿದ ಮೇಲೂ 'ಇದು ನನ್ನದು' ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಕಲಮು ಕಾಪಾಡುತ್ತದೆ. ಇದು ತಿಳಿಯದೆ ನಾನು ಎಷ್ಟೋ ವರ್ಷ ಬಾಯಿಮಾತಿನಲ್ಲೇ ಕೆಲಸ ಒಪ್ಪಿಕೊಂಡೆ. ಹೊಸಬರು ಹಾಗೆ ಮಾಡಬಾರದು. ಎರಡು ಸಾಲಾದರೂ ಸರಿ, ಬರೆಸಿಕೊಳ್ಳಬೇಕು.

2025ರಲ್ಲಿ ಎರಡು ಸಂಗತಿಗಳು ನನಗೆ ಸಮಾಧಾನ ತಂದವು. ಬಾನು ಮುಷ್ತಾಕರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ 50 ಸಾವಿರ ಪೌಂಡುಗಳ ಬಹುಮಾನ ಅವರಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮನಾಗಿ ಹಂಚಿಕೆಯಾಯಿತು. ಅನುವಾದವೂ ಹೆಸರಿಗೆ, ಹಣಕ್ಕೆ ಅರ್ಹವಾದ ದುಡಿಮೆ ಎಂಬುದನ್ನು ಲೋಕ ಕಂಡಿತು. ಅದೇ ವರ್ಷ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿತು. ಆನ್‌ಲೈನ್ ವೇದಿಕೆಗಳ ಮೂಲಕ ದುಡಿಯುವವರಿಗಾಗಿ ಕಲ್ಯಾಣ ಮಂಡಳಿ, ಕಂಪನಿಗಳಿಂದ ಶುಲ್ಕ ಎಂದೆಲ್ಲ ಅದರಲ್ಲಿದೆ. ಅದರ ಪಟ್ಟಿಯಲ್ಲಿ ಊಟ ತಲುಪಿಸುವವರ ಜೊತೆಗೆ ಬರಹ ಮತ್ತು ಮಾಧ್ಯಮದ ಸೇವೆಯೂ ಸೇರಿದೆ. ಆದರೆ ಸಂಪಾದಕರ ಒಂದು ಫೋನಿಗೆ ಲೇಖನ ಬರೆದುಕೊಡುವವನು ಯಾವ ವೇದಿಕೆಯ ಪಟ್ಟಿಯಲ್ಲೂ ಇಲ್ಲ. ಕಾತಿಬ್ ಸಾಹೇಬರಿದ್ದಲ್ಲಿಯೇ ಅವನೂ ಇದ್ದಾನೆ.

'ಸ್ವತಂತ್ರ ಬರಹಗಾರ' ಎಂದು ನನ್ನನ್ನು ಯಾರಾದರೂ ಪರಿಚಯಿಸಿದಾಗ ನನಗೆ ಮುಜುಗರವಾಗುತ್ತದೆ. ನನ್ನ ಸ್ವಾತಂತ್ರ್ಯದ ಹಿಂದೆ ಶಾಲಾ ಶಿಕ್ಷಕಿಯಾದ ನನ್ನ ಹೆಂಡತಿಯ ಸಂಬಳವಿದೆ. ಯಾರ ಹಂಗೂ ಇಲ್ಲ ಎನ್ನುವವನ ಮನೆಯಲ್ಲಿ ಇನ್ಯಾರೋ ಹಂಗು ಹೊತ್ತಿರುತ್ತಾರೆ. ನಮ್ಮ ಸಾಹಿತ್ಯ ಚರಿತ್ರೆಗಳು ಕೃತಿಗಳ ಪಟ್ಟಿ ಕೊಡುತ್ತವೆ, ಆ ಲೆಕ್ಕವನ್ನು ಬರೆಯುವುದಿಲ್ಲ.

ಮೊನ್ನೆ ಮತ್ತೆ ಮಾರುಕಟ್ಟೆಗೆ ಹೋಗಿದ್ದೆ. ಹಿರಿಯ ಹಮಾಲರು ಕಾಣಲಿಲ್ಲ. ಅವರ ಜಾಗದಲ್ಲಿದ್ದ ಹುಡುಗನನ್ನು ಕೇಳಿದೆ. ಬೆನ್ನು ಕೂತಿತು, ಊರಿಗೆ ಹೋದರು ಎಂದ. ಅವರ ಮೂಟೆಯ ಲೆಕ್ಕ ಬರೆದ ಪುಸ್ತಕ ಎಲ್ಲಿಯೂ ಇಲ್ಲ. ಅವರು ಸರಿದು ಕೊಟ್ಟ ಜಾಗದ ನೆನಪಿಗೆ, ನನ್ನ ಪುಟದ ಲೆಕ್ಕವನ್ನಾದರೂ ಇಲ್ಲಿ ಬರೆದಿಟ್ಟಿದ್ದೇನೆ.