ಲೈನ್ ಮನೆಗೆ ಬಾಡಿಗೆ ಎಷ್ಟು?

ಕೊಡಗಿನ ಐನ್‌ಮನೆಗಳ ಬಗ್ಗೆ ಬರೆದವರಿದ್ದಾರೆ, ಬಿಳಿಯ ದೊರೆಗಳ ಬಂಗಲೆಗಳ ಬಗ್ಗೆಯೂ ಬರೆದವರಿದ್ದಾರೆ. ಲೈನ್ ಮನೆಯ ಚರಿತ್ರೆ ಹುಡುಕಿ ಹೊರಟರೆ ಮಾತ್ರ ಕೈಗೆ ಸಿಗುವುದು ಕಡಿಮೆ. ಪೊನ್ನಂಪೇಟೆ ತಾಲ್ಲೂಕಿನ ಹುದಿಕೇರಿ ಸುತ್ತ ತೋಟಗಳಲ್ಲಿ ಓಡಾಡಿದವರಿಗೆ ಈ ಮನೆಗಳು ಗೊತ್ತು. ಒಂದೇ ಉದ್ದನೆಯ ಮಾಡು, ಅದರಡಿ ಸಾಲಾಗಿ ಕೋಣೆಗಳು, ಕೋಣೆಗೊಂದು ಬಾಗಿಲು, ಎಲ್ಲಕ್ಕೂ ಸೇರಿ ಒಂದು ಜಗಲಿ. ಯರವರು, ಜೇನುಕುರುಬರು, ತಮಿಳುನಾಡಿನಿಂದಲೂ ಮೈಸೂರು ಸೀಮೆಯಿಂದಲೂ ಬಂದವರು ಇಲ್ಲಿ ಇದ್ದಾರೆ. ಈಚೆಗೆ ಅಸ್ಸಾಮಿನವರೂ ಬಂದಿದ್ದಾರೆ. ಒಂದೇ ಲೈನಿನಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮೊಮ್ಮಕ್ಕಳನ್ನು ಕಂಡವರಿಗೂ ಆ ಕೋಣೆ ತಮ್ಮದಾಗಿಲ್ಲ.

‘ಮನೆ ತೋಟದವರದ್ದು, ಅವರದ್ದಾಗುವುದು ಹೇಗೆ?’ ಎಂದು ಕೇಳಬಹುದು. ಆದರೆ ಇದೇ ರಾಜ್ಯದಲ್ಲಿ ಬೇರೆಯವರ ಜಮೀನಿಗೆ ಗೇಣಿ ಅಳೆದವರು ಅದೇ ಜಮೀನಿಗೆ ಒಡೆಯರಾದರು. ಹಾಗಾಗಿ ನನ್ನ ಪ್ರಶ್ನೆ ಬೇರೆ. ಕೊಡುತ್ತಾ ಬಂದ ಬಾಡಿಗೆ ಯಾರ ಪಾಲಿಗೆ ಹಕ್ಕಾಗುತ್ತದೆ, ಯಾರ ಪಾಲಿಗೆ ಆಗುವುದಿಲ್ಲ?

ಬಾಡಿಗೆ ಕಟ್ಟುತ್ತಲೇ ಮನೆ ಕೊಳ್ಳುವ ಏರ್ಪಾಡು ಲೋಕದಲ್ಲಿ ಹೊಸತಲ್ಲ. ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಅದಕ್ಕೆ ‘ರೆಂಟ್ ಟು ಓನ್’ ಎನ್ನುತ್ತಾರೆ. ಬ್ಯಾಂಕಿನಲ್ಲಿ ಸಾಲ ಹುಟ್ಟದವರು ಮೊದಲು ಬಾಡಿಗೆಗೆ ಬಂದು, ತಿಂಗಳ ಹಣದ ಒಂದು ಭಾಗವನ್ನು ಮನೆಯ ಬೆಲೆಗೆ ಜಮೆ ಮಾಡಿಸಿಕೊಳ್ಳುತ್ತಾರೆ. ಅದರ ಹಿಂದಿನ ಕಥೆ ಅಷ್ಟು ಸೌಮ್ಯವಲ್ಲ. 1950–60ರ ದಶಕಗಳಲ್ಲಿ ಶಿಕಾಗೋದ ಕಪ್ಪು ಜನರಿಗೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಅವರು ಕರಾರಿನ ಮೇಲೆ, ದುಪ್ಪಟ್ಟು ಬೆಲೆಗೆ, ಕಂತಿನಲ್ಲಿ ಮನೆ ಹಿಡಿದರು. ಕೊನೆಯ ಕಂತು ತೀರುವವರೆಗೂ ಪತ್ರ ಮಾರಿದವನ ಹೆಸರಲ್ಲೇ ಇರುತ್ತಿತ್ತು. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. 1968ರಲ್ಲಿ ಅಲ್ಲಿನ ಲಾನ್‌ಡೇಲ್ ಬಡಾವಣೆಯವರು ‘ಕಾಂಟ್ರ್ಯಾಕ್ಟ್ ಬೈಯರ್ಸ್ ಲೀಗ್’ ಕಟ್ಟಿ, ಕಂತು ಕಟ್ಟುವುದನ್ನೇ ನಿಲ್ಲಿಸಿ ಹೋರಾಡಿದರು. ನಮ್ಮಲ್ಲಿ ಇದರ ಸಭ್ಯ ರೂಪವೊಂದಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಿವೇಶನ ಪಡೆದವರಿಗೆ ‘ಲೀಸ್ ಕಮ್ ಸೇಲ್’ ಕರಾರು ಗೊತ್ತು. ಮೊದಲ ಹತ್ತು ವರ್ಷ ಕಾಗದದ ಮೇಲೆ ಗುತ್ತಿಗೆದಾರ, ಆಮೇಲೆ ಶುದ್ಧ ಕ್ರಯಪತ್ರ. ಸಂಬಳದ ಚೀಟಿ ಇದ್ದವರಿಗೆ ಆ ಹತ್ತು ವರ್ಷ ಕಳೆಯುವುದು ಕಷ್ಟವೇನಲ್ಲ.

ಶಿಕಾಗೋದವರ ಬಳಿ ಮೋಸದ್ದಾದರೂ ಒಂದು ಕರಾರು ಇತ್ತು, ಕಂತಿನ ರಸೀದಿ ಇತ್ತು. ಲೈನ್ ಮನೆಯವರ ಬಳಿ ಅದೂ ಇಲ್ಲ.

ಇದರ ಬೇರು ಕಾಫಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ದಾಖಲೆಗಳು ಕೊಡಗಿನ ಜೀತದಾಳುಗಳಲ್ಲಿ ಎರಡು ಬಗೆ ಹೇಳುತ್ತವೆ. ಭೂಮಿ ಜಮ್ಮದ ಆಳು ಗದ್ದೆಯ ಜೊತೆ ಕೈ ಬದಲಾಯಿಸುವವನು, ಗದ್ದೆ ಬಿಟ್ಟು ಅವನನ್ನು ಬೇರೆ ಮಾಡುವಂತಿಲ್ಲ. ಒಕ್ಕಲು ಜಮ್ಮದ ಆಳು ಮನೆತನದ ಸ್ವತ್ತು. ‘ಜಮ್ಮ’ ಎಂದರೆ ವಂಶಪಾರಂಪರ್ಯದ ಹಕ್ಕು. ಅದೇ ಪದ ಒಬ್ಬನಿಗೆ ನೆಲದ ಒಡೆತನವಾಗಿದ್ದು ಇನ್ನೊಬ್ಬನಿಗೆ ನೆಲಕ್ಕೆ ಕಟ್ಟಿದ ಹಗ್ಗವಾಗಿತ್ತು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು. 1843ರ ಕಾಯ್ದೆ ಆಳಿನ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಎತ್ತಿಹಿಡಿಯಬಾರದೆಂದಿತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಮೊದಲ ಕಾಫಿ ಎಸ್ಟೇಟು ತೆರೆದ. ಕಾಫಿಗೆ ಕೊಯ್ಲಿನ ಕಾಲದಲ್ಲಿ ಒಮ್ಮೆಲೇ ತುಂಬಾ ಕೈ ಬೇಕು, ಮಿಕ್ಕ ಕಾಲದಲ್ಲೂ ಕೈಗೆಟಕುವಷ್ಟು ಹತ್ತಿರದಲ್ಲೇ ಆಳು ಇರಬೇಕು. ಮುಂಗಡ ಹಣ ಮತ್ತು ಲೈನ್ ಮನೆ, ಈ ಎರಡೂ ಸೇರಿ ಹಳೆಯ ಹಗ್ಗದ ಕೆಲಸ ಮಾಡಿದವು. ಗಡಿಯಾಚೆ ವಯನಾಡಿನ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಪಣಿಯರನ್ನು ದೇವಿಯ ಎದುರು ಒಂದು ವರ್ಷದ ದುಡಿಮೆಗೆ ಒಪ್ಪಿಸಿಕೊಳ್ಳುತ್ತಿದ್ದರೆಂಬುದು ಹೆಸರಾದ ಸಂಗತಿ. ಅಲ್ಲಿ ಕನಿಷ್ಠ ವರ್ಷಕ್ಕೊಂದು ಲೆಕ್ಕವಿತ್ತು ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಸ್ವಾತಂತ್ರ್ಯದ ನಂತರ ಬಂದ 1951ರ ತೋಟ ಕಾರ್ಮಿಕರ ಕಾಯ್ದೆ, ತೋಟದಲ್ಲಿ ವಾಸಿಸುವ ಕಾರ್ಮಿಕರಿಗೆ ಮನೆ ಒದಗಿಸಿ ಸುಸ್ಥಿತಿಯಲ್ಲಿ ಇಡುವುದು ಮಾಲೀಕನ ಕರ್ತವ್ಯ ಎಂದಿತು. ದೊಡ್ಡ ಹೆಜ್ಜೆಯೇ ಸರಿ. ಆದರೆ ಕರ್ತವ್ಯ ಮಾಲೀಕನದಾದಾಗ ಮನೆಯೂ ಅವನದೇ ಆಗಿ ಉಳಿಯಿತು. ಕೆಲಸ ಇರುವವರೆಗೆ ಮನೆ. ಮೇಲಾಗಿ, 1981ರ ತಿದ್ದುಪಡಿಯ ಪ್ರಕಾರ ಕಾಯ್ದೆ ಅನ್ವಯವಾಗುತ್ತಿದ್ದುದು ಐದು ಹೆಕ್ಟೇರ್ ಮತ್ತು ಹದಿನೈದು ಕಾರ್ಮಿಕರಿಗೆ ಕಡಿಮೆಯಿಲ್ಲದ ತೋಟಗಳಿಗೆ. ದಕ್ಷಿಣ ಕೊಡಗಿನಲ್ಲಿ ಅದಕ್ಕಿಂತ ಚಿಕ್ಕ ಹಿಡುವಳಿಗಳು ಬೇಕಾದಷ್ಟಿವೆ.

ಇನ್ನು 1974. ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯನ್ನು ‘ಉಳುವವನೇ ಹೊಲದೊಡೆಯ’ ಎಂಬ ಮಾತಿನಲ್ಲಿ ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. 1961ರ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಗೇಣಿದಾರ ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಬೇಕಿತ್ತು, ನಿಗದಿಯಾದ ಮೊತ್ತ ಕಟ್ಟಿ ಅಧಿಭೋಗದ ಹಕ್ಕು ಪಡೆಯಬೇಕಿತ್ತು. ದಕ್ಷಿಣ ಕನ್ನಡದವರು ಇದನ್ನು ಇವತ್ತಿಗೂ ‘ಡಿಕ್ಲರೇಶನ್ ಹಾಕಿದ್ದು’ ಎನ್ನುತ್ತಾರೆ. ಗೇಣಿಯನ್ನು ಒಡೆತನವಾಗಿ ಬದಲಿಸಿದ ಇಂಥ ಕೆಲಸ ಈ ನಾಡಿನಲ್ಲಿ ಇನ್ನೊಂದು ನಡೆದಿಲ್ಲ.

ಆ ಕಾಯ್ದೆಯಲ್ಲಿ ಜಮೀನಿನ ಗದ್ದಲದ ನಡುವೆ ಅಷ್ಟಾಗಿ ಯಾರೂ ಮಾತಾಡದ ಒಂದು ಕಲಂ ಇದೆ, 38ನೆಯದು. ತನ್ನದಲ್ಲದ ಜಮೀನಿನಲ್ಲಿರುವ ಮನೆಯಲ್ಲಿ ಕೃಷಿ ಕಾರ್ಮಿಕ ವಾಸವಾಗಿದ್ದರೆ, ಆ ಮನೆ, ಅದರ ಅಡಿಸ್ಥಳ, ಅದಕ್ಕೆ ಬೇಕಾದಷ್ಟು ಹಿತ್ತಲು ಸರ್ಕಾರಕ್ಕೆ ಸೇರಿ, ಅದರ ಮಾಲೀಕನಾಗಿ ನೋಂದಾಯಿಸಿಕೊಳ್ಳುವ ಹಕ್ಕು ಅವನಿಗೆ ಬರುತ್ತದೆ. ಉಳುವವನಿಗೆ ಹೊಲವಾದರೆ, ಕೂಲಿಯವನಿಗೆ ಗುಡಿಸಲು. ಮೊದಲ ಸಲ ಓದಿದಾಗ ಲೈನ್ ಮನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆಯಲ್ಲ ಎನಿಸಿತು. ಪುಟ ತಿರುವುತ್ತ ಹೋದರೆ 104ನೇ ಕಲಂ ಸಿಗುತ್ತದೆ. 38ನೇ ಕಲಂ ಮತ್ತು ಇನ್ನು ಕೆಲವು ಕಲಂಗಳು ಪ್ಲಾಂಟೇಶನ್‌ಗಳಿಗೆ ಅನ್ವಯವಾಗತಕ್ಕದ್ದಲ್ಲ. ಕಾಫಿ, ಏಲಕ್ಕಿ, ಕಾಳುಮೆಣಸು, ರಬ್ಬರ್, ಚಹಾ ಬೆಳೆಯುವ ಜಮೀನು ಪ್ಲಾಂಟೇಶನ್. ಅಷ್ಟೇ, ಒಂದು ವಾಕ್ಯ. ಇಡೀ ಕೊಡಗಿನ ಲೈನ್‌ಗಳು ಅದರಡಿ ಮುಚ್ಚಿಹೋದವು.

ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಕೊಟ್ಟದ್ದಕ್ಕೆ ಒಂದು ವಾದವಿದೆ. ತೋಟವನ್ನು ತುಂಡು ಮಾಡಿದರೆ ಉತ್ಪಾದನೆ ಬೀಳುತ್ತದೆ, ಕಾಫಿ ವಿದೇಶಿ ವಿನಿಮಯ ತರುವ ಬೆಳೆ, ಇತ್ಯಾದಿ. ಒಪ್ಪೋಣ. ಆದರೆ ನಾಲ್ಕು ಗೋಡೆಯ ಕೋಣೆಯೊಂದನ್ನು ಅದರಲ್ಲಿ ಇರುವವರಿಗೆ ಬರೆದುಕೊಟ್ಟರೆ ಕಾಫಿಯ ಇಳುವರಿ ಹೇಗೆ ಕುಸಿಯುತ್ತದೆ? ಕುಸಿಯುವುದು ಬೇರೆ. ಮನೆ ಅವನದಾದರೆ ನಾಳೆ ಪಕ್ಕದ ತೋಟಕ್ಕೆ ಕೆಲಸಕ್ಕೆ ಹೋಗಬಹುದು. ಚಿಕ್ಕ ಬೆಳೆಗಾರರ ಈ ಭಯ ಸುಳ್ಳಲ್ಲ, ಕೊಯ್ಲಿಗೆ ಜನ ಸಿಗದೆ ಹಣ್ಣು ಉದುರುವುದನ್ನು ನಾನೂ ನೋಡಿದ್ದೇನೆ. ಆದರೆ ಆ ಭಯಕ್ಕೆ ಕಾಯ್ದೆಯ ಬಲ ಕೊಟ್ಟದ್ದು ಬೇರೆ ಮಾತು.

ವಿನಾಯಿತಿ ಇಲ್ಲದೇ ಇದ್ದಿದ್ದರೂ ಸಾಕ್ಷಿ ಎಲ್ಲಿಂದ ಬರುತ್ತಿತ್ತು? ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರನ ಕೈಹಿಡಿದದ್ದು ಪಹಣಿಯ 12ನೇ ಕಾಲಂ, ಸಾಗುವಳಿದಾರನ ಹೆಸರು ಬರೆಯುವ ಜಾಗ. ಲೈನ್ ಮನೆಗೆ ಪಹಣಿಯಲ್ಲಿ ಕಾಲಂ ಇಲ್ಲ. ಅಲ್ಲಿದ್ದವರ ಹೆಸರು ಇರುವುದು ತೋಟದ ರೈಟರ್ ಬರೆಯುವ ಹಾಜರಿ ಪುಸ್ತಕದಲ್ಲಿ ಮತ್ತು ಮುಂಗಡದ ಲೆಕ್ಕದಲ್ಲಿ. ಆ ಪುಸ್ತಕಗಳು ಖಾಸಗಿ. ಗೆದ್ದಲು ಹಿಡಿದರೆ ಕೇಳುವವರಿಲ್ಲ, ಚರಿತ್ರೆಯ ವಿದ್ಯಾರ್ಥಿಗೆ ಸಿಗುವುದಂತೂ ದೂರದ ಮಾತು.

ಹುದಿಕೇರಿ ಹತ್ತಿರದ ಒಂದು ಲೈನಿನಲ್ಲಿ ಯರವರ ಅಜ್ಜಿಯೊಬ್ಬರನ್ನು ಕೇಳಿದ್ದೆ: “ಅಜ್ಜಿ, ಈ ಮನೆಗೆ ಬಾಡಿಗೆ ಎಷ್ಟು?”

“ಬಾಡಿಗೆ ಇಲ್ಲ ಮಗಾ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಎರಡು ದಿನ ಕೆಲಸಕ್ಕೆ ಹೋಗದಿದ್ದರೆ ಮೇಸ್ತ್ರಿ ಬಂದು ಬಾಗಿಲಲ್ಲಿ ನಿಲ್ತಾನೆ,” ಎಂದರು.

ಇದನ್ನೇ ಕಾನೂನಿನ ಭಾಷೆಯಲ್ಲಿ ಹೇಳಿದ ಕಾಯ್ದೆ ಒಂದಿದೆ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ 8ನೇ ಕಲಂ, ಜೀತದ ಪ್ರತಿಫಲದ ಭಾಗವಾಗಿ ಆಳು ಇದ್ದ ಮನೆಯಿಂದ ಅವನನ್ನು ಬಿಡುಗಡೆಯ ನಂತರ ಎಬ್ಬಿಸುವಂತಿಲ್ಲ ಎನ್ನುತ್ತದೆ. ಅಂದರೆ ಮನೆಯೂ ಕೂಲಿಯ ಒಂದು ಭಾಗ ಎಂದು ಶಾಸನಸಭೆಯೇ ಒಪ್ಪಿದಂತಾಯಿತು. ಆದರೆ ಆ ರಕ್ಷಣೆ ಸಿಗಬೇಕಾದರೆ ಮೊದಲು ಜೀತ ಎಂದು ರುಜುವಾತಾಗಬೇಕು. ಮುಂಗಡ ಪಡೆದು ದಿನಗೂಲಿ ಮಾಡುವವನನ್ನು ಜೀತದಾಳು ಎಂದು ಬರೆದುಕೊಳ್ಳಲು ಯಾವ ಕಚೇರಿಯೂ ಅವಸರ ಮಾಡುವುದಿಲ್ಲ.

ಕುಟ್ಟ ದಾಟಿದರೆ ಕೇರಳ. ಅಲ್ಲಿ 1970ರ ಜನವರಿ 1ರಿಂದ ‘ಕುಡಿಕಿಡಪ್ಪು’ ಹಕ್ಕು ಜಾರಿಗೆ ಬಂತು. ಜಮೀನ್ದಾರನ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡಿದ್ದವನು ಪಂಚಾಯಿತಿ ಪ್ರದೇಶದಲ್ಲಿ ಹತ್ತು ಸೆಂಟ್ಸ್, ಪುರಸಭೆಯಲ್ಲಿ ಐದು, ನಗರಪಾಲಿಕೆಯಲ್ಲಿ ಮೂರು ಸೆಂಟ್ಸ್‌ವರೆಗೆ ಕೊಳ್ಳಬಹುದಾಗಿತ್ತು. ಬೆಲೆ ಮಾರುಕಟ್ಟೆ ದರದ ಕಾಲು ಭಾಗ, ಅದರಲ್ಲೂ ಅರ್ಧ ಸರ್ಕಾರದ್ದು, ಉಳಿದದ್ದಕ್ಕೆ ಕಂತು. ಬಡವರಿಗೆಂದೇ ಬರೆದ ‘ರೆಂಟ್ ಟು ಓನ್’ ಎಂದು ನನಗೆ ಕಾಣುವುದು ಇದು. (ಎಸ್ಟೇಟಿನ ಪಾಡಿಗಳಲ್ಲಿ ಇದ್ದವರ ಕಥೆ ಅಲ್ಲೂ ಬೇರೆಯೇ. ತೋಟ ಎಂಬ ಪದ ಬಂದ ಕೂಡಲೇ ಎರಡೂ ರಾಜ್ಯಗಳ ಭೂಸುಧಾರಣೆಗೆ ಬಾಯಿ ಕಟ್ಟುತ್ತದೆ.)

ಲೈನ್ ಬಿಟ್ಟು ಹೊರಗೆ ಬಂದವರಿಗೆ ಏನಾಯಿತು ಎಂಬುದನ್ನು 2016ರ ಡಿಸೆಂಬರಿನಲ್ಲಿ ಎಲ್ಲರೂ ನೋಡಿದರು. ಮಾಲ್ದಾರೆ ಬಳಿಯ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಒತ್ತುವರಿ ಎಂದು ಕೆಡವಲಾಯಿತು. ಅವರಲ್ಲಿ ಬಹಳ ಮಂದಿ ಲೈನ್ ಮನೆಗಳಿಂದ ಹೊರಬಂದವರು. ಹೋರಾಟ ರಾಜ್ಯದ ಸುದ್ದಿಯಾದ ಮೇಲೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಅವರಿಗೆ ಮನೆಗಳಾದವು. ಮನೆ ಬಂತು, ಸರಿ. ಆದರೆ ದುಡಿದ ತೋಟ, ಗೊತ್ತಿದ್ದ ಕಾಡು, ನೆಂಟರು ಎಲ್ಲವೂ ದೂರವಾದವು.

ಇತ್ತೀಚಿನ ದಾರಿಯೂ ವಿಚಿತ್ರವಾಗಿದೆ. ಭೂಕಂದಾಯ ಕಾಯ್ದೆಯ 94ಸಿ ಕಲಂ ಸರ್ಕಾರಿ ಜಾಗದಲ್ಲಿ ಅನುಮತಿಯಿಲ್ಲದೆ ಕಟ್ಟಿಕೊಂಡ ಮನೆಗಳನ್ನು ಸಕ್ರಮ ಮಾಡುತ್ತದೆ. ಕೊಡಗಿನಲ್ಲಿ ಸರ್ಕಾರಿ ಜಾಗಕ್ಕೆ ಪೈಸಾರಿ ಎನ್ನುತ್ತಾರೆ. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳಿಗಾಗಿ ಭೂಸುಧಾರಣಾ ಕಾಯ್ದೆಗೂ ಹೊಸ ತಿದ್ದುಪಡಿ ಬಂದಿದೆ. 2023ರ ಜನವರಿಯಲ್ಲಿ ಕಲಬುರಗಿಯ ಮಳಖೇಡದಲ್ಲಿ ಐವತ್ತು ಸಾವಿರದಷ್ಟು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ದು ಇದರ ಫಲ. ಹೀಗಿರುವಾಗ, ನಲವತ್ತು ವರ್ಷ ಲೈನಿನಲ್ಲಿದ್ದು ತಪ್ಪದೆ ಕೆಲಸಕ್ಕೆ ಹೋದವರಿಗೆ ಹಕ್ಕುಪತ್ರದ ಅರ್ಜಿಯೇ ಇಲ್ಲ. ಒಂದು ರಾತ್ರಿ ಲೈನ್ ಬಿಟ್ಟು ಪೈಸಾರಿಯಲ್ಲಿ ನಾಲ್ಕು ಗಳು ನೆಟ್ಟು, ಟಾರ್ಪಾಲು ಕಟ್ಟಿ, ಒತ್ತುವರಿದಾರ ಎಂಬ ಹೆಸರು ಹೊತ್ತರೆ ಎಂದಾದರೊಮ್ಮೆ ಅರ್ಜಿ ಹಾಕುವ ಅವಕಾಶವಾದರೂ ಹುಟ್ಟೀತು.

ಆ ಅಜ್ಜಿ ತಮ್ಮ ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ತೋರಿಸಿದ್ದರು. ವಿಳಾಸದ ಜಾಗದಲ್ಲಿ ಮನೆ ನಂಬರ್ ಇರಲಿಲ್ಲ. ‘ಕೇರ್ ಆಫ್’ ಎಂದು ಬರೆದು, ಮುಂದೆ ತೋಟದ ಮಾಲೀಕರ ಹೆಸರಿತ್ತು.